ಚೀಲದ ಭಾರವೂ ಕೈಯ ಅಳತೆಯೂ

ಒಲಿಂಪಿಕ್ ಕ್ರೀಡಾಂಗಣದಲ್ಲಿ ಪುರುಷರು ಎಸೆಯುವ ಚಕ್ರಕ್ಕೆ ವ್ಯಾಸ ಸುಮಾರು 22 ಸೆಂಟಿಮೀಟರು, ತೂಕ 2 ಕಿಲೋಗ್ರಾಮು. ಡಿಸ್ಕ್ ಗಾಲ್ಫ್ ಎಂಬ, ನಮ್ಮ ಕಡೆಯವರಿಗೆ ಇನ್ನೂ ಹೆಸರೇ ಹೊಸದಾಗಿರುವ ಆಟದಲ್ಲಿ ಬಳಸುವ ಪ್ಲಾಸ್ಟಿಕ್ ಡಿಸ್ಕಿಗೆ ವ್ಯಾಸ 21 ಸೆಂಟಿಮೀಟರಿಗಿಂತ ತುಸು ಹೆಚ್ಚು, ತೂಕ ಬಹುಮಟ್ಟಿಗೆ 175 ಗ್ರಾಮಿನ ಆಸುಪಾಸು. ಅಗಲದಲ್ಲಿ ಹೆಚ್ಚುಕಡಮೆ ಸಮಾನವಾಗಿದ್ದು ತೂಕದಲ್ಲಿ ಹನ್ನೊಂದು ಪಾಲಿಗೂ ಮೀರಿದ ಅಂತರವುಳ್ಳ ಈ ಎರಡನ್ನೂ ಎಸೆಯುವವರ ನಡುವೆ ಮತ್ತೊಂದು ಅಂತರವೂ ಉಂಟು. 1983ರಲ್ಲಿ ಮೈಸೂರಿನಲ್ಲಿ ಜನಿಸಿ, ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಫ್ರೆಡ್ರಿಕ್ ಪಟ್ಟಣದಲ್ಲಿ ಬೆಳೆದು, 2012ರಲ್ಲಿ 66.28 ಮೀಟರು ದೂರ ಎಸೆದು ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿದ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನದ ಪದಕವನ್ನು ಪಡೆದ ವಿಕಾಸ ಗೌಡರು, ನಾಲ್ಕು ಒಲಿಂಪಿಕ್ಸುಗಳಲ್ಲಿ ಕೈಯಲ್ಲಿ ಹಿಡಿದದ್ದು ಆ ಒಂದೇ ತೂಕದ, ಒಂದೇ ಆಕಾರದ ಚಕ್ರವನ್ನು. ಅಂಚಿಗೆ ಹೆಚ್ಚು ತೂಕ ಹಂಚಿದ್ದು, ನಡುವಿಗೆ ಹೆಚ್ಚು ಹಂಚಿದ್ದು ಎಂಬ ಕೆಲವು ಭೇದಗಳು ಅಲ್ಲಿಯೂ ಇಲ್ಲದಿಲ್ಲ. ಆದರೆ ಗಾಳಿ ಬಂದಾಗ ಒಂದು, ನಿಂತಾಗ ಇನ್ನೊಂದು, ಎಡಕ್ಕೆ ತಿರುಗಬೇಕಾದಾಗ ಮತ್ತೊಂದು ಎಂದು ಆಯ್ದುಕೊಳ್ಳುವ ಸ್ವಾತಂತ್ರ್ಯ ಚಕ್ರ ಎಸೆಯುವವನಿಗಿಲ್ಲ. ಬದಲಾಯಿಸಬೇಕಾದುದೇನಿದ್ದರೂ ಅವನು ತನ್ನ ಶರೀರದಲ್ಲಿಯೇ ಬದಲಾಯಿಸಿಕೊಳ್ಳಬೇಕು.

ಡಿಸ್ಕ್ ಗಾಲ್ಫ್ ಆಡುವವನ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಅವನ ಬೆನ್ನಿನ ಮೇಲಿನ ಚೀಲದಲ್ಲಿ ಇಪ್ಪತ್ತು ಡಿಸ್ಕುಗಳಿರುವುದು ಸಾಮಾನ್ಯ. ಇಪ್ಪತ್ತೈದಿದ್ದರೂ ಯಾರೂ ಹುಬ್ಬೇರಿಸರು. ಆಟದ ನಿಯಮಗಳನ್ನು ವಿಧಿಸುವ ಪಿ.ಡಿ.ಜಿ.ಎ. ಸಂಸ್ಥೆಯು ಒಂದೊಂದು ಡಿಸ್ಕಿನ ತೂಕಕ್ಕೂ ಅಂಚಿನ ಅಗಲಕ್ಕೂ ಮಿತಿಯನ್ನು ಹಾಕಿದೆಯೇ ಹೊರತು, ಒಬ್ಬನು ಎಷ್ಟನ್ನು ಹೊರಬಹುದೆಂಬುದಕ್ಕೆ ಮಿತಿಯನ್ನು ಹಾಕಿಲ್ಲ.

ಆಟ ಹುಟ್ಟಿದಾಗ ಹೀಗಿರಲಿಲ್ಲ. ಫ್ರೆಡ್ ಮಾರಿಸನ್ ಎಂಬಾತ ರೂಪಿಸಿದ ಹಾರುವ ತಟ್ಟೆಯನ್ನು ವ್ಯಾಮ್-ಓ ಕಂಪನಿಯು 1957ರಲ್ಲಿ ಮಾರುಕಟ್ಟೆಗೆ ತಂದು, ಅದಕ್ಕೆ ಫ್ರಿಸ್ಬಿ ಎಂಬ ಹೆಸರು ನಿಂತ ಮೇಲೆ, ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ 1975ರಲ್ಲಿ ಮೊದಲ ಶಾಶ್ವತ ಅಂಗಣವನ್ನು ನಿರ್ಮಿಸಿದನು. ಮೊದಮೊದಲು ಗುರಿಯೆಂದರೆ ನೆಲದಲ್ಲಿ ನೆಟ್ಟ ಕಂಬಗಳು. ಡಿಸ್ಕು ಕಂಬಕ್ಕೆ ತಗುಲಿತೋ ಇಲ್ಲವೋ ಎಂಬ ಜಗಳಕ್ಕೆ ಕೊನೆ ಹಾಡಲೆಂದೇ ಆತ ಸರಪಳಿಗಳು ಇಳಿಬಿದ್ದ ಬುಟ್ಟಿಯನ್ನು ಕಲ್ಪಿಸಿದನು. ಆಗ ಎಸೆಯುತ್ತಿದ್ದುದು ಕಡಲತೀರದಲ್ಲಿ ಮಕ್ಕಳು ಎಸೆಯುವಂತಹ ಫ್ರಿಸ್ಬಿಯನ್ನೇ. 1983ರಲ್ಲಿ ಡೇವ್ ಡನಿಪೇಸ್ ಡಿಸ್ಕಿನ ಅಂಚನ್ನು ಓರೆಯಾಗಿ ಹರಿತಗೊಳಿಸಿದಂದಿನಿಂದ ಆಟದ ಚಹರೆ ಬೇರೆಯಾಯಿತು. ಹರಿತವಾದ ಅಂಚು ಗಾಳಿಯನ್ನು ಸೀಳಿಕೊಂಡು ಹೋಗಬಲ್ಲದು. ಅಂಚನ್ನು ಇನ್ನಷ್ಟು ಅಗಲ ಮಾಡಿದರೆ ಇನ್ನಷ್ಟು ವೇಗ. ಒಂದಿಷ್ಟು ತಗ್ಗಿಸಿದರೆ ಬೇರೊಂದು ಹಾದಿ. ಅಚ್ಚುಗಳು ಬೆಳೆದವು, ಹೆಸರುಗಳು ಬೆಳೆದವು, ಪ್ರತಿ ಹೆಸರಿನ ಕೆಳಗೆ ವೇಗ, ತೇಲಿಕೆ, ಬಲಕ್ಕೆ ಹೊರಳುವಿಕೆ, ಕೊನೆಗೆ ಎಡಕ್ಕೆ ಬೀಳುವಿಕೆ ಎಂಬ ನಾಲ್ಕು ಅಂಕಿಗಳು ಮುದ್ರಿತವಾದವು. ಚೀಲವೂ ಬೆಳೆಯದೆ ಏನು ಮಾಡೀತು?

ಈ ಡಿಸ್ಕುಗಳಲ್ಲಿ ಬುಟ್ಟಿಯ ಸಮೀಪದಿಂದ ಎಸೆಯತಕ್ಕವು ಪಟರುಗಳು. ಅವಕ್ಕಿಂತ ತುಸು ವೇಗದವು ಮಿಡ್‌ರೇಂಜುಗಳು. ಅತ್ಯಂತ ಅಗಲವಾದ ಅಂಚಿನವು ದೂರದ ಡ್ರೈವರುಗಳು. ಈ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ, ವೇಗದ ಅಂಕಿ 6ರಿಂದ 9ರವರೆಗೆ ಇರತಕ್ಕವು ಫೇರ್‌ವೇ ಡ್ರೈವರುಗಳು. ದೂರಕ್ಕೂ ನಿಯಂತ್ರಣಕ್ಕೂ ರಾಜಿ ಮಾಡಿಸುವ ವರ್ಗವಾದುದರಿಂದ ಚೀಲದಲ್ಲಿ ಅನಗತ್ಯವಾಗಿ ಹಿಗ್ಗುವುದು ಮುಖ್ಯವಾಗಿ ಈ ವರ್ಗವೇ. ನೇರ ಹೋಗುವುದೊಂದು, ನೇರ ಹೋಗಿ ಕೊಂಚ ಎಡಕ್ಕೆ ಬೀಳುವುದೊಂದು, ಕೊಂಚಕ್ಕಿಂತ ಕೊಂಚ ಹೆಚ್ಚು ಬೀಳುವುದೊಂದು ಎಂದು ಸೂಕ್ಷ್ಮಾತಿಸೂಕ್ಷ್ಮ ಭೇದಗಳಿಗೆಲ್ಲ ಒಂದೊಂದು ಡಿಸ್ಕನ್ನು ಕೊಳ್ಳುವ ಆಸೆ ಇಲ್ಲಿ ಸಹಜವಾಗಿ ಹುಟ್ಟುತ್ತದೆ.

ಹೀಗೆ ಹಿಗ್ಗಿದ ಚೀಲವೊಂದನ್ನು ನಾನು ಕಂಡದ್ದು ನಮ್ಮ ದಾನೋಳಿಯಲ್ಲಿ. ಅದು ವಾರಣಾ ನದಿಯ ದಡದ ಊರು. ಶಿರೋಳ ತಾಲೂಕಿನ ಕಪ್ಪು ಮಣ್ಣು, ಕಬ್ಬು, ಹೊರಗೆ ಮರಾಠಿಯೂ ಹಲವು ಮನೆಗಳ ಒಳಗೆ ಕನ್ನಡವೂ ನಡೆಯುವ ಗಡಿನಾಡು. ಇಲ್ಲಿ ಡಿಸ್ಕ್ ಗಾಲ್ಫಿನ ಅಂಗಣವಿರುವುದು ಒತ್ತಟ್ಟಿಗಿರಲಿ, ಕಾರ್ಖಾನೆಯ ಹಂಗಾಮಿನಲ್ಲಿ ಕಬ್ಬು ಕಡಿದು ಸಾಗಿಸುವ ತನಕ ಡಿಸ್ಕನ್ನು ಎಸೆಯುವಷ್ಟು ಬಯಲೇ ಇರುವುದಿಲ್ಲ. ಅಮೆರಿಕದಲ್ಲಿ ನೌಕರಿಯಲ್ಲಿರುವ ನನ್ನ ತಂಗಿಯ ಮಗ ಒಂದು ಮಾಘಮಾಸದಲ್ಲಿ ಊರಿಗೆ ಬಂದಾಗ ಇಂತಹ ಚೀಲವೊಂದನ್ನು ಹೊತ್ತು ತಂದಿದ್ದನು. ಕಬ್ಬು ಕಡಿದ ಪಡದಲ್ಲಿ ಒಣಗರಿಯ ರವದಿ ಇನ್ನೂ ಹರಡಿಕೊಂಡೇ ಇತ್ತು; ಪಶ್ಚಿಮದ ಬದುವಿನ ಮೇಲಿನ ಬೇವಿನ ಮರವೇ ನಮಗೆ ಬುಟ್ಟಿಯಾಯಿತು. ಅವನು ಡಿಸ್ಕುಗಳನ್ನು ಬದುವಿನ ಮೇಲೆ ಸಾಲಾಗಿ ಇಟ್ಟು, "ಮಾಮಾ, ಇದರಾಗ ಒಂದೊಂದಕ್ಕ ಒಂದೊಂದು ದಾರಿ ಅದ ನೋಡ್ರಿ" ಎಂದು ವಿವರಿಸಿದನು. ಫೇರ್‌ವೇ ಡ್ರೈವರುಗಳೇ ಒಂಬತ್ತು ಇದ್ದವು. ಅವನು ಎಸೆದಾಗ ಆ ಒಂಬತ್ತಕ್ಕೂ ಪರಸ್ಪರ ಭೇದವಿದ್ದುದು ನನ್ನ ಕಣ್ಣಿಗೂ ಕಂಡಿತು; ಒಂದು ಮರದ ಬಲಕ್ಕೆ ಸುತ್ತಿ ಬಂದಿತು, ಒಂದು ಬಾಣದಂತೆ ನೇರ ನುಗ್ಗಿತು, ಒಂದು ಎಡಕ್ಕೆ ಕತ್ತರಿಸಿಕೊಂಡು ಕಾಲುವೆಯ ದಡಕ್ಕೆ ಬಿದ್ದಿತು.

ಆಮೇಲೆ ಮನೆಯ ಹುಡುಗರ ಸರದಿ. ಕೆಂಪು ನನಗೆ, ಹಳದಿ ನಿನಗೆ ಎಂದು ಬಣ್ಣ ಹಂಚಿಕೊಂಡು ಅವರು ಎಸೆದ ಒಂಬತ್ತು ಡಿಸ್ಕುಗಳೂ ಸ್ವಲ್ಪ ದೂರ ಹಾರಿ, ಮೂತಿಯನ್ನು ಮೇಲೆತ್ತಿ, ಎಡಕ್ಕೆ ವಾಲಿ, ಒಂದು ಎತ್ತಿನ ಗಾಡಿ ನಿಲ್ಲುವಷ್ಟು ಜಾಗದಲ್ಲಿ ಒಂದರ ಮಗ್ಗುಲಿಗೆ ಒಂದು ಬಿದ್ದುಕೊಂಡವು. "ಎಲ್ಲಾವೂ ಅಲ್ಲೇ ಬಿದ್ದಾವಲ್ಲೋ ತಮ್ಮಾ. ಇಷ್ಟ ಬಣ್ಣ ಯಾಕ ಬೇಕಾಗಿದ್ದು?" ಎಂದು ನಾನು ಕೇಳಿದೆ. ಅವನು ನಕ್ಕನು, ಉತ್ತರ ಕೊಡಲಿಲ್ಲ.

ಆ ನಗೆಯ ಹಿಂದಿರುವ ಉತ್ತರವೇ ಈ ವಿಷಯದ ತಿರುಳೆಂದು ನನಗೆ ತೋರುತ್ತದೆ. ಡಿಸ್ಕಿನ ಮೇಲೆ ಮುದ್ರಿಸಿದ ನಾಲ್ಕು ಅಂಕಿಗಳು ಡಿಸ್ಕಿನೊಳಗೆ ಅಡಗಿಸಿಟ್ಟ ಗುಣಗಳಲ್ಲ. ನಿರ್ದಿಷ್ಟವಾದ ವೇಗವನ್ನು ಎಸೆಯುವವನ ತೋಳು ಒದಗಿಸಿಕೊಟ್ಟಾಗ ಮಾತ್ರ ಪ್ರಕಟವಾಗತಕ್ಕ ಸಾಧ್ಯತೆಗಳು. ಬಲಗೈಯವನು ಹಿಂಗೈಯಾಗಿ ಬೀಸಿ ಎಸೆದ ಡಿಸ್ಕು, ಮೇಲಿನಿಂದ ನೋಡಿದಾಗ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತಿರುತ್ತದೆ. ವೇಗ ಸಾಕಷ್ಟಿದ್ದು, ಡಿಸ್ಕು ಗಾಳಿಗೆ ಬಹುತೇಕ ಸಮತಲವಾಗಿ ನುಗ್ಗುತ್ತಿರುವಾಗ, ಗಾಳಿಯ ಒತ್ತಡ ಅದರ ಮೂತಿಯನ್ನು ಕೆಳಕ್ಕೆ ಬಗ್ಗಿಸಲು ಯತ್ನಿಸುತ್ತದೆ. ಆದರೆ ತಿರುಗುವ ವಸ್ತುವಿನ ಮೇಲೆ ಬಿದ್ದ ಒತ್ತಡ ಬಿದ್ದ ಕಡೆಯಲ್ಲಿಯೇ ಫಲಿಸದೆ 90 ಅಂಶಗಳಷ್ಟು ಸರಿದು ಫಲಿಸುವುದು ಭೌತಶಾಸ್ತ್ರದ ನಿಯಮವಾದುದರಿಂದ, ಮೂತಿ ಬಗ್ಗುವುದಕ್ಕೆ ಬದಲಾಗಿ ಡಿಸ್ಕು ಬಲಕ್ಕೆ ವಾಲುತ್ತದೆ. ವೇಗ ಕುಗ್ಗಿ ಡಿಸ್ಕು ಕೆಳಗಿಳಿಯತೊಡಗಿದಾಗ ಗಾಳಿ ಅದನ್ನು ಕೆಳಗಿನಿಂದ ಎದುರಿಸುತ್ತದೆ. ಮೇಲೆತ್ತುವ ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಮೂತಿಯನ್ನು ಎತ್ತುವ ಆ ಯತ್ನ ಅದೇ ನಿಯಮದಂತೆ ಎಡಕ್ಕೆ ವಾಲುವುದರಲ್ಲಿ ಪರ್ಯವಸಾನವಾಗುತ್ತದೆ. ಅಂಚಿನ ಎತ್ತರ, ಓರೆ, ಬೆನ್ನಿನ ಉಬ್ಬು ಇವುಗಳ ಭೇದದಿಂದ ಒಂದು ಅಚ್ಚು ಮೊದಲ ವಾಲಿಕೆಯನ್ನು ಹೆಚ್ಚಿಸಿಕೊಂಡು ಅಂಡರ್‌ಸ್ಟೇಬಲ್ ಎನಿಸುತ್ತದೆ, ಇನ್ನೊಂದು ಎರಡನೆಯದನ್ನು ಹೆಚ್ಚಿಸಿಕೊಂಡು ಓವರ್‌ಸ್ಟೇಬಲ್ ಎನಿಸುತ್ತದೆ. ಇದರಿಂದ ಸಿದ್ಧವಾಗುವುದೇನೆಂದರೆ, ಮೊದಲ ಘಟ್ಟಕ್ಕೆ ಬೇಕಾದ ವೇಗವೇ ಹುಟ್ಟದ ತೋಳಿಗೆ ಎಲ್ಲ ಡ್ರೈವರುಗಳೂ ಎರಡನೆಯ ಘಟ್ಟದಿಂದಲೇ ಆರಂಭವಾಗುತ್ತವೆ. ಒಂಬತ್ತು ಡಿಸ್ಕು ಕೊಂಡ ಹೊಸಬನು ಒಂದೇ ಡಿಸ್ಕನ್ನು ಒಂಬತ್ತು ಸಲ ಕೊಂಡಂತಾಗುತ್ತದೆ.

ತೋಳು ಬೆಳೆದವನಿಗಾದರೂ ಒಂಬತ್ತು ಬೇಕೆ? ಇಲ್ಲಿ ಕೋನದ ಮಾತು ಬರುತ್ತದೆ. ಹೊರ ಅಂಚು ಕೆಳಗಾಗುವಂತೆ ಓರೆಯಾಗಿ ಬಿಟ್ಟರೆ ಹೈಜರ್, ಮೇಲಾಗುವಂತೆ ಬಿಟ್ಟರೆ ಆನ್‌ಹೈಜರ್ ಎಂದು ಆಟಗಾರರು ಕರೆಯುತ್ತಾರೆ. ಇನ್ನೋವಾ ಕಂಪನಿಯ ಲೆಪರ್ಡ್ ಎಂಬ, ವೇಗ 6, ತೇಲಿಕೆ 5, ಹೊರಳುವಿಕೆ -2, ಬೀಳುವಿಕೆ 1 ಎಂದು ಅಂಕಿತವಾದ ಡಿಸ್ಕನ್ನು ಸಮತಲವಾಗಿ ಬಿಟ್ಟರೆ ಬಲಕ್ಕೆ ತಿರುಗುತ್ತದೆ. ಅದನ್ನೇ ಹೈಜರಿನಲ್ಲಿ ಬಿಟ್ಟರೆ ಓರೆಯಾಗಿ ಹೊರಟದ್ದು ತಾನಾಗಿ ಮಟ್ಟಸವಾಗಿ ಎದ್ದು, ಬಹುದೂರ ನೇರವಾಗಿ ಸಾಗುತ್ತದೆ. ಹೈಜರನ್ನು ಇನ್ನೂ ಹೆಚ್ಚಿಸಿ ವೇಗವನ್ನು ತುಸು ತಗ್ಗಿಸಿದರೆ ಮಟ್ಟಸವಾಗುವ ಮೊದಲೇ ಶಕ್ತಿಗುಂದಿ ಎಡಕ್ಕೆ ಇಳಿಯುತ್ತದೆ. ಒಂದೇ ಡಿಸ್ಕು, ಮೂರು ಹಾದಿ. ಹೈಜರಿನಿಂದ ಮಟ್ಟಸವಾಗಿ ಏಳುವ ಆ ಕ್ಷಣವನ್ನು ಬದಿಯಲ್ಲಿ ನಿಂತು ನೋಡತಕ್ಕದ್ದು: ಡಿಸ್ಕಿನ ಹೊಳೆಯುವ ಬೆನ್ನು ಮೊದಲು ನಮ್ಮ ಕಡೆಗೆ ಪೂರ್ತಿ ಕಾಣುತ್ತಿದ್ದು, ಕ್ರಮೇಣ ಕಿರಿದಾಗಿ, ಕೊನೆಗೆ ಒಂದು ಗೆರೆಯಷ್ಟೇ ಉಳಿದು, ಆ ಗೆರೆ ಹಾಗೆಯೇ ಮುಂದೆ ಸಾಗುತ್ತದೆ.

ಇದಕ್ಕೆ ಸವಕಳಿಯ ಸಂಗತಿಯೂ ಕೂಡುತ್ತದೆ. ಮರಕ್ಕೆ ಬಡಿದು, ಕಲ್ಲಿಗೆ ಉಜ್ಜಿ, ಅಂಚು ನವೆದ ಡಿಸ್ಕು ಕಾಲಕ್ರಮದಲ್ಲಿ ಬಲಕ್ಕೆ ತಿರುಗುವ ಸ್ವಭಾವವನ್ನು ಹೆಚ್ಚು ಹೆಚ್ಚಾಗಿ ಪಡೆಯುತ್ತದೆ. ಅಗ್ಗದ ಪ್ಲಾಸ್ಟಿಕ್ಕಿನದು ಬೇಗ, ದುಬಾರಿಯದು ನಿಧಾನವಾಗಿ. ಹೀಗಾಗಿ ಒಂದೇ ಅಚ್ಚಿನ ಮೂರು ಡಿಸ್ಕುಗಳನ್ನು, ಒಂದು ಹೊಸದು, ಒಂದು ಅರೆ ಸವೆದದ್ದು, ಒಂದು ಚೆನ್ನಾಗಿ ಪೆಟ್ಟು ತಿಂದದ್ದು ಎಂಬಂತೆ ಇಟ್ಟುಕೊಂಡವನಿಗೆ ಮೂರು ಬೇರೆ ಬೇರೆ ಹಾದಿಗಳು ದೊರೆಯುತ್ತವೆ. ಆದರೂ ಹಿಡಿತ, ಅಂಚಿನ ಅಗಲ, ಬೆರಳಿಗೆ ತಾಗುವ ಒಳಗೋಡೆ ಬದಲಾಗುವುದಿಲ್ಲ. ಹಲವು ಕಂಪನಿಗಳ ಹಲವು ಅಚ್ಚುಗಳನ್ನು ಕಲಸಿಟ್ಟುಕೊಂಡವನ ಬೆರಳುಗಳು ಪ್ರತಿ ಎಸೆತಕ್ಕೂ ಹೊಸ ಅಂಚನ್ನು ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ಅಂಕಿಗಳನ್ನು ನಂಬೋಣವೆಂದರೆ ಅವು ಒಂದೊಂದು ಕಂಪನಿ ತನ್ನ ಅಂದಾಜಿನಲ್ಲಿ ಹಾಕಿದವು. ಒಬ್ಬನ 7 ಇನ್ನೊಬ್ಬನ 7 ಅಲ್ಲ. ಒಂದೇ ಅಚ್ಚಿನಲ್ಲಿಯೂ ಪ್ಲಾಸ್ಟಿಕ್ ಬದಲಾದರೆ ಬೆನ್ನಿನ ಉಬ್ಬು ಬದಲಾಗಿ, ಹಾರಾಟವೂ ಬದಲಾಗುತ್ತದೆ. ಆದುದರಿಂದ ಕೈಯಲ್ಲಿರುವ ಆ ಒಂದು ಡಿಸ್ಕನ್ನೇ ಎಸೆದೆಸೆದು ಅರಿಯಬೇಕಲ್ಲದೆ ಬೇರೆ ದಾರಿಯಿಲ್ಲ. ಒಂಬತ್ತನ್ನು ಹಾಗೆ ಅರಿಯಲು ಯಾರಿಗೆ ವ್ಯವಧಾನವಿದೆ? ಹನ್ನೆರಡು ಸಲ ವಿಶ್ವವಿಜೇತನಾದ, ಅದರಲ್ಲಿಯೂ 1990ರಿಂದ 1998ರವರೆಗೆ ಒಂಬತ್ತು ವರ್ಷ ಎಡೆಬಿಡದೆ ಪ್ರಶಸ್ತಿಯನ್ನು ಬಿಟ್ಟುಕೊಡದ ಕೆನ್ ಕ್ಲೈಮೋನ ಕಾಲದಲ್ಲಿ ಇಂದಿನ ಅಚ್ಚುಗಳಲ್ಲಿ ಬಹುಪಾಲು ಹುಟ್ಟಿಯೇ ಇರಲಿಲ್ಲವೆಂಬುದನ್ನು ಅಂಗಡಿಯವರು ಹೇಳುವುದಿಲ್ಲ.

ಕೆಲವನ್ನೇ ಚೆನ್ನಾಗಿ ಅರಿತು ನೆಚ್ಚಬೇಕೆಂಬ ಈ ಮಾತು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಕೊಲ್ಲಾಪುರದ ತಾಲೀಮುಗಳಲ್ಲಿ ಮಟ್ಟಿಗಿಳಿದ ಹುಡುಗನಿಗೆ ವಸ್ತಾದರು ಢಾಕ, ಕಲಾಜಂಗ, ಘಿಸ್ಸಾ, ಏಕಲಂಗಿ ಎಂದು ಪಟ್ಟುಗಳನ್ನು ಒಂದೊಂದಾಗಿ ಹೇಳಿಕೊಡುತ್ತಾರೆ; ಎಲ್ಲವನ್ನೂ ಅರಿತಿರಬೇಕು, ಅರಿಯದಿದ್ದರೆ ಎದುರಾಳಿಯ ಪಟ್ಟನ್ನು ಬಿಡಿಸಿಕೊಳ್ಳುವುದು ಹೇಗೆ? ಆದರೆ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಸಾವಿರಾರು ಜನರ ನಡುವೆ ಜೋಡಿ ಹತ್ತಿದಾಗ, ಪೈಲವಾನನು ನೆಚ್ಚುವುದು ತನ್ನ ಮೈಯೊಳಗೆ ಇಳಿದುಹೋದ ಒಂದೆರಡು ಪಟ್ಟುಗಳನ್ನು. ಗಡಿಯ ಎಕ್ಸಂಬೆಯಿಂದ ಬಂದು 1959ರಲ್ಲಿ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ, ವಾರಣೆಯ ಆಚೆಗಿನ ಕವಠೆ ಪಿರಾನದಿಂದ ಹೊರಟು 1964ರಲ್ಲಿ ಅದೇ ಬಿರುದಿನ ಗದೆಯನ್ನು ಹೊತ್ತ ಮಾರುತಿ ಮಾನೆ ಇವರ ಹೆಸರು ಹೇಳಿದರೆ ಇಂದಿಗೂ ನಮ್ಮ ಕಟ್ಟೆಯ ಮೇಲಿನ ಹಿರಿಯರು ನೆಟ್ಟಗೆ ಕೂಡುತ್ತಾರೆ. ಅರಿತದ್ದು ಎಷ್ಟು, ನೆಚ್ಚಿದ್ದು ಎಷ್ಟು ಎಂಬ ಭೇದವನ್ನು ಆ ಹಿರಿಯರಿಗೆ ವಿವರಿಸಬೇಕಾದ ಅಗತ್ಯವಿಲ್ಲ.

ಚೀಲದಲ್ಲಿ ಅಚ್ಚುಗಳು ಕಡಮೆಯಿರಬೇಕೆಂಬುದಕ್ಕೆ ದಾನೋಳಿಯಂತಹ ಊರಿಗೆ ವಿಶೇಷವಾಗಿ ಅನ್ವಯಿಸುವ ಕಾರಣ ಇನ್ನೊಂದುಂಟು. ನನ್ನ ಅಳಿಯನಿಗೆ ಹೊಳೆಯದಿದ್ದ ಕಾರಣವಿದು. ಕಳೆದುಹೋಗುವುದು ಡಿಸ್ಕಿನ ಧರ್ಮ. ನಮ್ಮ ಹೊಲದ ಮೂರು ಮಗ್ಗುಲಿಗೆ ಕಬ್ಬು ನಿಂತಿರುತ್ತದೆ. ಆಳೆತ್ತರ ಬೆಳೆದು, ಗಾಳಿಗೆ ಅಡ್ಡಾದಿಡ್ಡಿ ಬಿದ್ದು, ಹೆಣೆದುಕೊಂಡ ಕಬ್ಬಿನ ಪಡದೊಳಗೆ ಹೊಕ್ಕ ಡಿಸ್ಕನ್ನು ಹುಡುಕಹೋದವನು ಗರಿಯ ಅಲಗಿಗೆ ಮುಂಗೈಯನ್ನೆಲ್ಲ ಗೀಚಿಸಿಕೊಂಡು ಬರಿಗೈಯಲ್ಲಿ ಬರುತ್ತಾನೆ. ಕಡಿಯುವ ಗ್ಯಾಂಗಿನವರಿಗೆ ಅದು ಸಿಕ್ಕರೆ ಸಿಕ್ಕಿತು. ರವದಿಗೆ ಬೆಂಕಿ ಹಚ್ಚಿದರೆ ಅದೂ ಇಲ್ಲ. ಜಯಸಿಂಗಪುರದ ಪೇಟೆಯಲ್ಲಾಗಲಿ ಇಚಲಕರಂಜಿಯಲ್ಲಾಗಲಿ ಅದರ ಜೊತೆಯದನ್ನು ಕೊಂಡು ತರುವಂತಿಲ್ಲ. ಹೀಗಿರುವಾಗ ಒಂಬತ್ತು ಅಚ್ಚುಗಳಲ್ಲಿ ಒಂದನ್ನು ಕಳೆದುಕೊಂಡವನು ಡಿಸ್ಕಿನ ಜೊತೆಗೆ ಅದರ ಬಗೆಗೆ ತಾನು ಸಂಪಾದಿಸಿದ ಅರಿವನ್ನೂ ಕಳೆದುಕೊಳ್ಳುತ್ತಾನೆ. ಒಂದೇ ಅಚ್ಚಿನ ಮೂರರಲ್ಲಿ ಒಂದನ್ನು ಕಳೆದುಕೊಂಡವನಿಗೆ ನಷ್ಟವಾಗುವುದು ಪ್ಲಾಸ್ಟಿಕ್ ಮಾತ್ರ.

ಹಾಗೆಂದು ಒಂದೇ ಸಾಕೆಂಬ ವೈರಾಗ್ಯವನ್ನು ನಾನು ಬೋಧಿಸಲಾರೆ. ಎದುರುಗಾಳಿಯಲ್ಲಿ ಡಿಸ್ಕಿಗೆ ತಗಲುವ ಗಾಳಿಯ ವೇಗ ಹೆಚ್ಚಾಗುವುದರಿಂದ ಅದು ತನ್ನ ಸ್ವಭಾವಕ್ಕಿಂತ ಹೆಚ್ಚು ಬಲಕ್ಕೆ ಹೊರಳುತ್ತದೆ. ಲೆಪರ್ಡಿನಂತಹ ಹಗುರ ಮನಸ್ಸಿನ ಡಿಸ್ಕು ಅಲ್ಲಿ ಬೋರಲಾಗಿ ನೆಲ ಕಚ್ಚುತ್ತದೆ. ಭಾರವಾದ ಒಲಿಂಪಿಕ್ ಚಕ್ರಕ್ಕೆ ಮಿತವಾದ ಎದುರುಗಾಳಿ ಅನುಕೂಲವೆನಿಸಿ ದೂರವನ್ನು ಹೆಚ್ಚಿಸುವುದೂ ಹಗುರವಾದ ಈ ಡಿಸ್ಕಿಗೆ ಅದೇ ಗಾಳಿ ಶತ್ರುವಾಗುವುದೂ ವಿಚಿತ್ರವಾಗಿ ಕಂಡರೂ ನಿಜ. ಆಷಾಢದಲ್ಲಿ ಸಹ್ಯಾದ್ರಿಯ ಕಡೆಯಿಂದ ಬೀಸುವ ಗಾಳಿಗೆ ಮುಖವೊಡ್ಡಿ ಎಸೆಯಬೇಕಾದಾಗ ಫೈರ್‌ಬರ್ಡಿನಂತಹ, ವೇಗ 9 ಇದ್ದು ಎಡಕ್ಕೆ ಬೀಳುವಿಕೆ 4 ಇರುವ ಹಟಮಾರಿ ಡಿಸ್ಕೊಂದು ಕೈಗೆ ಬೇಕೇ ಬೇಕು. ಯಾವ ಕೋನಚಾತುರ್ಯವೂ ಅದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲಾರದು. ಅದು ಒಂದು, ಲೆಪರ್ಡ್ ಒಂದು, ಇವೆರಡರ ನಡುವೆ ಟೀಬರ್ಡ್‌ನಂತಹ ನೇರ ನಡೆಯದು ಒಂದು. ಮೂರಕ್ಕೆ ಮೇಲೆ ನಾಲ್ಕನೆಯದನ್ನು ಚೀಲಕ್ಕೆ ಹಾಕುವವನು ಅದು ಮಾಡುವ ಯಾವ ಕೆಲಸವನ್ನು ಈ ಮೂರೂ ಮಾಡಲಾರವೆಂಬುದನ್ನು ತೋರಿಸಿಕೊಡಬೇಕು.

ನನ್ನ ಅಳಿಯ ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಸ್ಪರ್ಧೆಗಳಲ್ಲಿ ಕಾಡಿನ ಹಾದಿಗಳು ಬರುತ್ತವೆಂದೂ, ಎರಡು ಮರಗಳ ನಡುವಣ ಕಿಂಡಿಯಲ್ಲಿ ನುಗ್ಗಿಸಬೇಕಾದಾಗ ಮೈಯನ್ನು ಬಗ್ಗಿಸಿ ಕೋನವನ್ನು ಹುಡುಕುವುದಕ್ಕಿಂತ, ಎಂದಿನ ಸಹಜವಾದ ಬೀಸಿಗೇ ಬೇಕಾದ ಹಾದಿಯನ್ನು ಹಿಡಿಯುವ ಡಿಸ್ಕನ್ನು ಆರಿಸಿಕೊಳ್ಳುವುದೇ ಸುರಕ್ಷಿತವೆಂದೂ ಅವನ ವಾದ. ವೃತ್ತಿಪರರ ಚೀಲಗಳು ದೊಡ್ಡವಾಗಿರುವುದಕ್ಕೆ ಇದು ನಿಜವಾದ ಕಾರಣ; ಅವರಿಗೆ ಅದು ಸಲ್ಲುತ್ತದೆ. ದಿನವಿಡೀ ಎಸೆಯುವುದೇ ಉದ್ಯೋಗವಾದವರು ಒಂಬತ್ತನ್ನೂ ಅರಿಯಬಲ್ಲರು. ಭಾನುವಾರದ ಆಟಗಾರನು ಅವರ ಚೀಲವನ್ನು ಅನುಕರಿಸಬಲ್ಲನೇ ಹೊರತು ಅವರ ಸೋಮವಾರದಿಂದ ಶನಿವಾರದವರೆಗಿನ ದಿನಗಳನ್ನಲ್ಲ.

ಹೆಸರನ್ನು ಎರವಲು ಕೊಟ್ಟ ಹಿರಿಯ ಆಟವಾದ ಗಾಲ್ಫ್, ನಮ್ಮ ಬೆಂಗಳೂರಿನಲ್ಲಿಯೇ 1876ರಿಂದ ನೆಲೆಯೂರಿರುವ ಆಟ, ಇದೇ ವ್ಯಾಧಿಯನ್ನು ಅನುಭವಿಸಿ ಮುಗಿಸಿದೆ. 1916ರಲ್ಲಿ ಚಿಕ್ ಎವನ್ಸ್ ಅಮೆರಿಕದ ಮುಕ್ತ ಸ್ಪರ್ಧೆಯನ್ನು ಗೆದ್ದದ್ದು ಏಳೇ ದಾಂಡುಗಳಿಂದ. ಉಕ್ಕಿನ ಕೋಲುಗಳು ಬಂದ ಮೇಲೆ, 1930ರ ದಶಕದಲ್ಲಿ, ಲಾಸನ್ ಲಿಟಲ್‌ನಂತಹವರ ಚೀಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ದಾಂಡುಗಳು ತುಂಬಿ, ಹೊರುವ ಹುಡುಗರ ಹೆಗಲು ಜಗ್ಗಿತು. ಕೊನೆಗೆ 1938ರಲ್ಲಿ ಅಮೆರಿಕದವರೂ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನವರೂ ಹದಿನಾಲ್ಕಕ್ಕೆ ಮೀರಕೂಡದೆಂದು ಕಟ್ಟಪ್ಪಣೆ ಮಾಡಿದರು. ಡಿಸ್ಕ್ ಗಾಲ್ಫಿಗೂ ಅಂತಹ ಕಟ್ಟಳೆ ಬರಬೇಕೆಂದು ಕೆಲವರು ಅನ್ನುವುದುಂಟು. ನನಗೆ ಆ ಕಟ್ಟಳೆಯಲ್ಲಿ ಉತ್ಸಾಹವಿಲ್ಲ. ಗಾಲ್ಫಿನಲ್ಲಿ ಚೀಲ ಹೊರುತ್ತಿದ್ದವನು ಕೂಲಿಯ ಹುಡುಗ, ಆದುದರಿಂದ ಅವನ ಪರವಾಗಿ ನಿಯಮವೊಂದು ಬೇಕಾಯಿತು. ಡಿಸ್ಕ್ ಗಾಲ್ಫಿನಲ್ಲಿ ಬಹುಮಟ್ಟಿಗೆ ಅವರವರ ಚೀಲವನ್ನು ಅವರವರೇ ಹೊರುತ್ತಾರೆ. ನನ್ನ ಅಳಿಯ ಮರಳಿ ಹೋಗುವಾಗ ವಿಮಾನದ ಸಾಮಾನಿನ ತೂಕಕ್ಕೆ ಅಂಜಿ ಐದು ಡ್ರೈವರುಗಳನ್ನು ನಮ್ಮ ಪಡಸಾಲೆಯ ಮಾಡದಲ್ಲಿ ಬಿಟ್ಟುಹೋದನು. ಅವುಗಳಲ್ಲಿ ಒಂದನ್ನಾದರೂ ಮತ್ತೆ ಕಳಿಸಿಕೊಡಿರೆಂದು ಅವನು ಇದುವರೆಗೆ ಕೇಳಿಲ್ಲ.